ಗೋಣಿಚೀಲದಲ್ಲಿ ಶೇಂಗಾ ಹಿಂಡಿ

ಗೆಳೆಯರೇ, ‘ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಮನೆಯಲ್ಲೇ ಮಾಡಿದ ಶೇಂಗಾ ಹಿಂಡಿ ಸಿಗುತ್ತದೆ’ ಎಂದು ಹೋದ ವಾರ ಇದೇ ಕಮ್ಯುನಿಟಿಯಲ್ಲಿ ಬರೆದಿದ್ದೆ. ಇಂದು ಬೆಳಿಗ್ಗೆ ಅದನ್ನು ಕೇಳಿಕೊಂಡು ಗೊಟ್ಟಿಗೆರೆಯಿಂದ ಒಬ್ಬರು ಬಂದರು. ಕಂಕುಳಲ್ಲಿ ಖಾಲಿ ಗೋಣಿಚೀಲವಿತ್ತು.

“ಮಗಳು ಕಂಪ್ಯೂಟರ್‌ನಲ್ಲಿ ನೋಡಿದ್ಲು ಮೇಡಂ. ಹಸುಗೆ ಒಂದು ಮೂಟೆ ಹಿಂಡಿ ಬೇಕಿತ್ತು.”

“ಅಣ್ಣಾರ, ಇದು ದನಕ್ಕ ಹಾಕೂದಲ್ರೀ. ನಮ್ಮ ಕಡೆ ಚಟ್ನಿಪುಡಿಗೇ ಹಿಂಡಿ ಅಂತೀವ್ರಿ” ಎಂದು ರೊಟ್ಟಿಯ ಮೇಲೆ ಹಿಂಡಿ, ಮೊಸರು ಹಾಕಿ ಕೊಟ್ಟೆ.

ತಿಂದು, ಇನ್ನೊಂದು ರೊಟ್ಟಿ ಕೇಳಿದರು. “ಹೆಸರು ಬದಲಾಯಿಸಿ ಮೇಡಂ. ಇಲ್ಲಾಂದ್ರೆ ನನ್ನಂಥವ್ರೇ ಬರ್ತಾರೆ.”

“ಬರ್ಲಿ ಬಿಡ್ರೀ. ನಮ್ಮವ್ವ ಹಿಂಡಿ ಅಂದಾಳ, ನಾನೂ ಹಿಂಡಿನ ಅಂತೀನ್ರೀ.”

ಗೋಣಿಚೀಲದ ತಳದಲ್ಲಿ ಎರಡು ಕಿಲೋ ಹಿಂಡಿ ಇಟ್ಟುಕೊಂಡು ಹೊರಟರು. ಹಸುವಿಗೆ ಏನು ಹೇಳುತ್ತಾರೋ ಗೊತ್ತಿಲ್ಲ.