ದೊಡ್ಡ ಮೇಷ್ಟ್ರ ಕಲ್ಲು

ಆಗ ನಮ್ಮೂರಲ್ಲಿ ಟೈಮ್ ಇರ್ಲಿಲ್ಲ, ಹೊತ್ತಿತ್ತು. ಹಾಲು ಕರೆಯೋ ಹೊತ್ತು, ಕಣಕ್ಕೆ ಹೋಗೋ ಹೊತ್ತು, ದನ ನೀರಿಗೆ ಬಿಡೋ ಹೊತ್ತು, ದೀಪ ಹಚ್ಚೋ ಹೊತ್ತು. ಎಪ್ಪತ್ತರ ದಶಕ ಮುಗೀತಾ ಬಂದಿತ್ತು, ನಾನು ಐದನೇ ಕ್ಲಾಸು. ಟೈಮ್ ಅನ್ನೋದು ಇದ್ದಿದ್ದು ಒಬ್ಬರ ಕೈಮೇಲೆ ಮಾತ್ರ. ನಮ್ಮ ದೊಡ್ಡ ಮೇಷ್ಟ್ರು, ಅಂದ್ರೆ ಹೆಡ್ ಮೇಷ್ಟ್ರು, ಚಿನ್ನದ ಬಣ್ಣದ ವಾಚ್ ಕಟ್ಟೋರು. ಅದನ್ನ ನೋಡ್ಕೊಂಡು ಅವ್ರು ಎಷ್ಟು ಅಂದ್ರೆ ಅಷ್ಟು.

ಈ ಮನುಷ್ಯಂಗೆ ಈಗ ಗುರುವಂದನೆ ಅಂತೆ. ಮೊನ್ನೆ ನಮ್ಮ ಸ್ಕೂಲ್ ಗ್ರೂಪಲ್ಲಿ ಫೋಟೋ ಬಿತ್ತು. ಪೇಟ, ಶಾಲು, ಹಾರ. ತುಮಕೂರಲ್ಲಿ ಛತ್ರ ಬುಕ್ ಆಗಿದೆ, ಎಲ್ರೂ ಬನ್ನಿ ಅಂತ. ಕೆಳಗಡೆ ಸಾಲಾಗಿ ಕೈ ಮುಗಿಯೋ ಗೊಂಬೆಗಳು. ಒಬ್ಬ ಅಂತೂ ಬರೆದವ್ನೆ, 'ಅವರ ಕೈಲಿ ಏಟು ತಿಂದಿದ್ದಕ್ಕೇ ಇವತ್ತು ಮನುಷ್ಯ ಆಗಿದೀನಿ' ಅಂತ. ಥೂ ನಿನ್ನ. ತಿನ್ನದೇ ಇದ್ರೆ ಏನಾಗ್ತಿದ್ದೆ, ಎಮ್ಮೆನಾ?

ನಾನು ಹೋಗಲ್ಲ. ಯಾಕೆ ಅಂತ ಇಲ್ಲಿ ಬರೀತೀನಿ. ಓದೋರು ಓದಿ, ಉರ್ಕೊಳ್ಳೋರು ಉರ್ಕೊಳ್ಳಿ. ಊರ ಹೆಸರು ಮಾತ್ರ ಕೇಳಬೇಡಿ. ಗುಬ್ಬಿ ಬಿಟ್ಟು ಹಾಗಲವಾಡಿ ಕಡೆ ಹೋಗೋ ದಾರೀಲಿ ಎಲ್ಲೋ ಒಂದು ಕಡೆ ಅಂದ್ಕೊಳ್ಳಿ.

ಮೂರು ರೂಮಿನ ಹೆಂಚಿನ ಸ್ಕೂಲು. ಒಳಗೆ ಕಾಲಿಟ್ರೆ ಬಾವಲಿ ವಾಸನೆ, ಸೀಮೆಸುಣ್ಣದ ಪುಡಿ, ಮಧ್ಯಾಹ್ನ ಆದ್ರೆ ಹಳದಿ ಉಪ್ಪಿಟ್ಟಿನ ಘಮ. ಪಾಠ ಹೇಳಕ್ಕೆ ಏನೇನು ಸಾಮಾನಿತ್ತು ಗೊತ್ತಾ? ಒಂದು ಹರಿದ ಇಂಡಿಯಾ ಮ್ಯಾಪು, ಬೀರುವಲ್ಲಿ ಬೀಗ ಹಾಕಿಟ್ಟ ಗ್ಲೋಬು, ಆಮೇಲೆ ಹೊಡೆಯಕ್ಕೆ ಹುಣಸೆ ಬರ್ಲು. ಗ್ಲೋಬು ಹೊರಗೆ ಬರ್ತಿದ್ದಿದ್ದು ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ. ಬೆರಳು ಚಾಚಿದ್ರೆ, 'ಏಯ್ ಕತ್ತೆ, ಭೂಮಿ ಬೀಳಿಸ್ತೀಯ!' ಅಂತ ಕೂಗೋರು ದೊಡ್ಡ ಮೇಷ್ಟ್ರು. ಬರ್ಲಿಗೆ ಮಾತ್ರ ಯಾವತ್ತೂ ಬೀಗ ಹಾಕ್ಲಿಲ್ಲ.

ಅವ್ರ ಮನೆ ತುಮಕೂರಲ್ಲಿ. ಯಾವ ಬಸ್ ಸಿಗುತ್ತೋ ಅದ್ರಲ್ಲಿ ಬರೋರು, ಮೊದ್ಲು ಸಿಕ್ಕಿದ ಬಸ್ಸಲ್ಲಿ ವಾಪಸ್. ಬಂದ ತಕ್ಷಣ ಮಾಡ್ತಿದ್ದ ಮೊದಲನೇ ಕೆಲಸ ಏನು ಗೊತ್ತಾ? 'ಇವತ್ತು ಯಾರ್ಯಾರೋ ಲೇಟು?' ಅಂತ ಮಾನಿಟರ್ ರಂಗನ್ನ ಕೇಳೋದು. ಲೇಟಾಗಿ ಬಂದೋರು ಸಾಲಾಗಿ ನಿಂತು, ಕೈ ಉಲ್ಟಾ ಮಾಡಿ ಹಿಡೀಬೇಕು. ಏಟು ಗೆಣ್ಣಿನ ಮೇಲೆ.

ಆ ಸಾಲಲ್ಲಿ ನಾನು ಖಾಯಂ. ಅದು ರಾಗಿ ಒಕ್ಕಣೆ ಕಾಲ, ಅವರೆಕಾಯಿ ಕಾಲ. ಬೆಳಿಗ್ಗೆ ಚಳೀಲಿ ಎದ್ದು, ಅವರೆಕಾಯಿ ಬಿಡಿಸಿಕೊಟ್ಟು, ಕಣದಲ್ಲಿ ರಾಗಿ ಮೇಲೆ ಕಲ್ಲುಗುಂಡು ಹೊಡೀತಿದ್ದ ಅಪ್ಪಂಗೆ ಬುತ್ತಿ ತಲುಪಿಸಿ ಓಡಿ ಬರೋ ಹೊತ್ತಿಗೆ ಪ್ರೇಯರ್ ಮುಗಿದಿರೋದು. ಚಳಿಗೆ ಒಡೆದ ಗೆಣ್ಣಿನ ಮೇಲೆ ಬರ್ಲು ಬಿದ್ರೆ ಹೆಂಗಿರುತ್ತೆ ಅಂತ ತಿಂದೋರಿಗೇ ಗೊತ್ತು. ಜೊತೆಗೆ ಮಾತು ಬೇರೆ: 'ಥೂ, ಕೈಯೆಲ್ಲ ಅವರೆಕಾಯಿ ವಾಸನೆ!' ಸಾಯಂಕಾಲ ಅದೇ ಅವರೆಕಾಯಿ ಒಂದು ಚೀಲ ಅವ್ರ ಜೊತೆ ಬಸ್ ಹತ್ತೋದು. ಹೊತ್ಕೊಂಡು ಹೋಗಿ ಕೊಡೋರು ನಾವೇ. ಆಗ ವಾಸನೆ ಬರ್ತಿರ್ಲಿಲ್ಲ ಅವ್ರಿಗೆ.

ಆ ವರ್ಷ ದೀಪಾವಳಿ ಆದ್ಮೇಲೆ ಕುಣಿಗಲ್ ಕಡೆಯಿಂದ ಒಬ್ರು ಹೊಸ ಮೇಷ್ಟ್ರು ಬಂದ್ರು. ಸಣ್ಣ ವಯಸ್ಸು, ದಪ್ಪ ಕನ್ನಡಕ, ಒಂದು ಸೈಕಲ್ಲು, ಒಂದು ಟ್ರಂಕು. ನಮ್ಮೂರಲ್ಲೇ ರೂಮ್ ಮಾಡ್ಕೊಂಡ್ರು. ನಾವು ಕರೀತಿದ್ದಿದ್ದು ಕುಣಿಗಲ್ ಮೇಷ್ಟ್ರು ಅಂತ. ಭಿನ್ನರಾಶಿ ಹೇಳ್ಕೊಡಕ್ಕೆ ಹುಣಸೆಬೀಜ ತರಿಸೋರು. ಅಳತೆ ಪಾಠಕ್ಕೆ ತೆಂಗಿನ ಚಿಪ್ಪು, ಮರಳು. ಭೂಗೋಳಕ್ಕೆ ಅಂಗಳದಲ್ಲೇ ನಮ್ಮೂರು ಬರೆಸಿದ್ರು: ಬಟ್ಟೆಗೆ ಹಾಕೋ ನೀಲಿ ಕಲಸಿ ಕೆರೆ, ಸೊಪ್ಪು ಉದುರಿಸಿ ತೋಟ, ಸುಣ್ಣ ಎಳೆದು ಬಸ್ ರೋಡು. ರಂಗ ಹೋಗಿ ಅವ್ರಪ್ಪನ ಹೊಲದ ಮೇಲೆ ನಿಂತ್ಕೊಂಡು, 'ಇದು ನಮ್ದು, ಯಾರೂ ತುಳೀಬೇಡ್ರಲಾ' ಅಂತ ಜಗಳಕ್ಕೇ ನಿಂತಿದ್ದ. ಸ್ಕೂಲಲ್ಲಿ ನಗಬಹುದು ಅಂತ ನಮಗೆ ಗೊತ್ತಾಗಿದ್ದೇ ಆಗ.

ದೊಡ್ಡ ಮೇಷ್ಟ್ರಿಗೆ ಇದು ಮೈ ಉರಿ. ಕುಣಿಗಲ್ ಮೇಷ್ಟ್ರ ಕೆಲಸ ಇನ್ನೂ ಪರ್ಮನೆಂಟ್ ಆಗಿರ್ಲಿಲ್ಲ. ದೊಡ್ಡ ಮೇಷ್ಟ್ರು ಒಳ್ಳೇ ರಿಪೋರ್ಟ್ ಬರೆದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಇದು ಮಕ್ಕಳಾದ ನಮಗೆ ಹೆಂಗೆ ಗೊತ್ತು ಅಂತೀರಾ? ನಮ್ಮೆದುರಿಗೇ ಹೇಳೋರು. 'ಏನಪ್ಪಾ ಕುಣಿಗಲ್ಲು, ಬೀಜ ಆರಿಸ್ತಾ ಇರು. ನಿನ್ನ ಕೆಲಸ ನನ್ನ ಪೆನ್ನಿನ ತುದೀಲಿದೆ.' ಅವ್ರು ತಲೆ ತಗ್ಗಿಸಿ 'ಆಯ್ತು ಸಾರ್' ಅನ್ನೋರು.

ಒಂದಿನ ಕುಣಿಗಲ್ ಮೇಷ್ಟ್ರು ಅಂಗಳದ ಮಧ್ಯ ಒಂದು ಬಿದಿರು ಗಳ ನೆಡಿಸಿದ್ರು.

'ಇದೇನ್ ಸಾ, ಬಾವುಟಕ್ಕಾ?' ಅಂದ ರಂಗ.

'ಗಡಿಯಾರ.'

'ಮುಳ್ಳೆಲ್ಲಿ ಸಾ?'

'ನೆಲದ ಮೇಲೆ ಬಿದ್ದೈತಲ್ಲೋ, ನೋಡು' ಅಂತ ನೆರಳು ತೋರಿಸಿದ್ರು. 'ನಂಬರ್ ಬೇಡ. ನಿಮ್ಮೂರಲ್ಲಿ ದಿನಾ ಏನೇನ್ ನಡೆಯುತ್ತೋ ಅದು ನಡೆದಾಗ ನೆರಳಿನ ತುದೀಲಿ ಒಂದು ಕಲ್ಲಿಡಿ. ಕಲ್ಲಿಗೆ ಹೆಸರಿಡಿ. ನಾಳೆ ಅದೇ ಹೊತ್ತಿಗೆ ನೆರಳು ಅಲ್ಲಿಗೇ ಬರುತ್ತಾ ನೋಡಿ.'

ಆಮೇಲೆ ಇನ್ನೊಂದು ಮಾತು ಹೇಳಿದ್ರು. 'ಸಂಕ್ರಾಂತಿ ಕಳೀತಾ ಕಳೀತಾ ಈ ಕಲ್ಲುಗಳು ಸುಳ್ಳು ಹೇಳಕ್ಕೆ ಶುರು ಮಾಡ್ತವೆ. ಯಾಕೆ ಅಂತ ನಾನು ಹೇಳಲ್ಲ. ನೀವೇ ನೋಡಿ ನನಗೆ ಹೇಳ್ಬೇಕು.'

ನಮಗೆ ಹುಚ್ಚು ಹಿಡೀತು. ಪ್ರೇಯರ್ ಕಲ್ಲು, ದನ ನೀರಿಗೆ ಹೋಗೋ ಕಲ್ಲು, ಉಪ್ಪಿಟ್ ಕಲ್ಲು, ಸಾಯಂಕಾಲ ಮನೆಗೆ ಬಿಡೋ ಕಲ್ಲು. ಒಂದೊಂದಕ್ಕೂ ಸುಣ್ಣ ಬಳಿದ್ವಿ. ದಿನಾ ಆಗೋದು ಇನ್ನೇನೈತೆ ಅಂತ ಯೋಚನೆ ಮಾಡಿ, 'ದೊಡ್ಡ ಮೇಷ್ಟ್ರು ಬರ್ತಾರಲ್ಲ!' ಅಂದ ರಂಗ. ಸರಿ, ಅವ್ರಿಗೂ ಒಂದು ಕಲ್ಲು. ದೊಡ್ಡವ್ರು ಅಂತ ದೊಡ್ಡ ಕಲ್ಲೇ ಹುಡುಕಿದ. ಅದ್ರಲ್ಲಿ ಕಳ್ಳತನ ಇರ್ಲಿಲ್ಲ, ಮರ್ಯಾದೆ ಇತ್ತು.

ತೊಂದ್ರೆ ಆಗಿದ್ದು ಮಾರನೇ ದಿನದಿಂದ. ಬೇರೆ ಕಲ್ಲೆಲ್ಲ ಇದ್ದಲ್ಲೇ ಇದ್ವು, ನೆರಳು ಬಂದು ಸರಿಯಾಗಿ ಮುಟ್ಟೋದು. ದೊಡ್ಡ ಮೇಷ್ಟ್ರ ಕಲ್ಲು ಮಾತ್ರ ಒಂದಿನ ದನದ ಕಲ್ಲಿನ ಪಕ್ಕ, ಒಂದಿನ ಉಪ್ಪಿಟ್ ಕಲ್ಲಿನ ಹತ್ರ, ಒಂದಿನ ಅದನ್ನೂ ದಾಟಿ. ರಂಗ ದಿನಾ ಹೊಸ ಕಲ್ಲಿಡೋನು, ತಲೆ ಕೆರ್ಕೊಳ್ಳೋನು. ಕೊನೆಗೆ ಮೂರನೇ ಕ್ಲಾಸಿಗೆ ಪಾಠ ಮಾಡ್ತಿದ್ದ ಕುಣಿಗಲ್ ಮೇಷ್ಟ್ರನ್ನ ಎಳ್ಕೊಂಡು ಬಂದ.

'ಸಾ, ಎಲ್ಲೋ ಅಳತೆ ತಪ್ಪೈತೆ. ಇದೊಂದು ನಿಂತ ಕಡೆ ನಿಲ್ತಾ ಇಲ್ಲ.'

ಅವ್ರು ನೋಡಿದ್ರು. ಪ್ರೇಯರ್ ಕಲ್ಲು ಎಲ್ಲೋ ಆ ಕಡೆ, ಈ ದೊಡ್ಡ ಕಲ್ಲುಗಳೆಲ್ಲ ಎಲ್ಲೋ ಈ ಕಡೆ. ಕನ್ನಡಕ ತೆಗೆದು ಒರೆಸಿಕೊಂಡ್ರು, ಮತ್ತೆ ಹಾಕ್ಕೊಂಡ್ರು. ಮುಖ ಬಿಳಿಚಿಕೊಂಡಿತ್ತು.

'ತೆಗೆದಾಕ್ಲಾ ಸಾ?' ಅಂದೆ ನಾನು.

ಬಗ್ಗಿ ಆ ಕಲ್ಲು ಮುಟ್ಟಿ ನೋಡಿದ್ರು. ಆಮೇಲೆ ಅಂದ್ರು, 'ಕಣ್ಣಲ್ಲಿ ನೋಡಿ ಇಟ್ಟಿದೀರಿ. ಯಾಕಮ್ಮ ತೆಗೀತೀಯ? ಅಳತೆ ಸರಿಯಾಗೈತೆ.'

ತೆಗೆಸಿದ್ರೆ ಮುಗಿದುಹೋಗ್ತಿತ್ತು. ತೆಗೆಸ್ಲಿಲ್ಲ ಆ ಮನುಷ್ಯ.

ದೊಡ್ಡ ಮೇಷ್ಟ್ರಿಗೆ ಏನೂ ಗೊತ್ತಿರ್ಲಿಲ್ಲ. ಕುಂಟೆಬಿಲ್ಲೆ ಆಟ ಅಂದ್ಕೊಂಡು ದಿನಾ ದಾಟ್ಕೊಂಡು ಓಡಾಡ್ತಿದ್ರು. ಗೊತ್ತಾಗಿದ್ದು ನಮ್ಮ ತಾತಂಗೆ. ಕುರಿ ಹೊಡ್ಕೊಂಡು ಹೋಗ್ತಾ ಹೊತ್ತು ನೋಡಕ್ಕೆ ಬಂದೋರು, ಒಂದೊಂದೇ ಕಲ್ಲಿನ ಹೆಸರು ಕೇಳಿದ್ರು. 'ಈ ದಪ್ಪಂದು ಯಾರ್ದವ್ವ, ಉಪ್ಪಿಟ್ಟಿನ ಮಗ್ಗುಲಾಗೆ?' ಅಂದ್ರು. ಹೇಳ್ದೆ. ತಾತ ಕೋಲು ಊರ್ಕೊಂಡು ನಕ್ಕಿದ್ದೇ ನಕ್ಕಿದ್ದು. ಸಾಯಂಕಾಲಕ್ಕೆ ಇಡೀ ಊರು ನಗ್ತಿತ್ತು. ತೋಟ, ಹೊಲ ಅಂತ ಹೋಗೋರಿಗೆ ಮೇಷ್ಟ್ರು ಯಾವಾಗ ಬರ್ತಾರೆ ಅಂತ ಏನು ಗೊತ್ತಿರುತ್ತೆ?

ನಗದೇ ಇದ್ದಿದ್ದು ನಮ್ಮವ್ವ ಒಬ್ಳೇ. ನನ್ನ ಕೈ ಹಿಡಿದು, ಊದಿದ್ದ ಗೆಣ್ಣು ನೋಡಿ, ಮಾರನೇ ದಿನ ಸ್ಕೂಲ್ ಅಂಗಳಕ್ಕೆ ಬಂದು ನಿಂತ್ಲು. ಉಪ್ಪಿಟ್ಟು ಬಡಿಸ್ತಾ ಇದ್ದಾಗ ದೊಡ್ಡ ಮೇಷ್ಟ್ರು ಬಂದ್ರು.

'ಮೇಷ್ಟ್ರೇ, ನನ್ ಮಗ್ಳು ಪ್ರೇಯರ್ ಕಲ್ಲು ದಾಟಿದ್ಲು ಅಂತ ಗೆಣ್ಣು ಊದಂಗೆ ಬಾರಿಸಿದ್ರಿ. ತಾವು ಉಪ್ಪಿಟ್ ಕಲ್ಲಿಗೆ ಬತ್ತಾ ಇದೀರಿ. ತಮ್ ಗೆಣ್ಣಿಗೆ ಯಾರು ಬಾರಿಸ್ಬೇಕು?'

'ಯಾವ ಕಲ್ಲಮ್ಮಾ? ಏನ್ ಮಾತಾಡ್ತಿದೀಯ?'

ರಂಗಂಗೆ ತನ್ನನ್ನೇ ಕೇಳಿದಂಗಾಯ್ತು. ಉಪ್ಪಿಟ್ಟಿನ ಕೈಯಲ್ಲೇ ಓಡಿ ಬಂದು ತೋರಿಸಿದ. 'ಇದು ಸೋಮವಾರದ್ದು ಸಾ. ಇದು ಮಂಗಳವಾರದ್ದು. ಬುಧವಾರ ನೀವ್ ಬರ್ಲೇ ಇಲ್ಲ ಸಾ, ಸಾಯಂಕಾಲದ್ ತನಕ ಕಲ್ಲು ಕೈಯಾಗೇ ಮಡಿಕಂಡಿದ್ದೆ.'

ಉಪ್ಪಿಟ್ಟು ಬಡಿಸೋ ಅಕ್ಕ ಸೆರಗಲ್ಲಿ ಬಾಯಿ ಮುಚ್ಕೊಂಡ್ಲು.

ಆವತ್ತು ದೊಡ್ಡ ಮೇಷ್ಟ್ರ ಮುಖ ನೋಡಿದೀನಿ ನಾನು. ನಾಚಿಕೆ ಇರ್ಲಿಲ್ಲ ಅದ್ರಲ್ಲಿ. ಅವ್ವ ಹೋಗೋ ತನಕ ಕಾದ್ರು. ಆಮೇಲೆ ನಮ್ಮ ಕ್ಲಾಸ್ ಪೂರ್ತಿ ಬಿಸಿಲಲ್ಲಿ ನಿಲ್ಲಿಸಿ ಬರ್ಲು ತಂದ್ರು.

'ಹೇಳ್ರೋ, ಕಲ್ಲಿಡಕ್ಕೆ ಹೇಳ್ಕೊಟ್ಟೋನು ಯಾರು? ಆ ಕುಣಿಗಲ್ಲೋನು ತಾನೆ? ಹೌದು ಅಂದೋರು ಒಳಗೆ ಹೋಗಬಹುದು.'

ಹೌದು ಅಂದ್ರೆ ಪೆನ್ನಿನ ತುದಿ ಯಾರ ಮೇಲೆ ಬೀಳುತ್ತೆ ಅಂತ ನಮಗೆ ಗೊತ್ತು. 'ನಾನೇ ಇಟ್ಟಿದ್ದು ಸಾ' ಅಂದ ರಂಗ. ಏಟು ಬಿತ್ತು. 'ನಾವೇ ಇಟ್ಟಿದ್ದು ಸಾ' ಅಂದೆ. ಬಿತ್ತು. ಪಕ್ಕದೋಳು, ಅವಳ ಪಕ್ಕದೋನು, ಎಲ್ರದ್ದೂ ಅದೇ ಮಾತು. ಒಬ್ರೂ ಒಳಗೆ ಹೋಗ್ಲಿಲ್ಲ. ನಮ್ಮ ಕ್ಲಾಸ್ ಮೇಲೆ ನನಗೆ ಹೆಮ್ಮೆ ಅಂತ ಇದ್ರೆ ಆ ಒಂದು ಮಧ್ಯಾಹ್ನದ್ದು.

ಕುಣಿಗಲ್ ಮೇಷ್ಟ್ರು ಓಡಿ ಬಂದು ಬರ್ಲು ಹಿಡ್ಕೊಂಡ್ರು. 'ಮಕ್ಳನ್ನ ಬಿಡಿ ಸಾರ್. ಗಳ ನೆಟ್ಟಿದ್ದು ನಾನು. ಆ ಕಲ್ಲು ತೆಗೀಬೇಡಿ ಅಂದಿದ್ದೂ ನಾನೇ.'

'ಹಾಗೆ ಬಾ ದಾರಿಗೆ' ಅಂದ್ರು ದೊಡ್ಡ ಮೇಷ್ಟ್ರು.

ಗಳ ಕಿತ್ತು ಮುರಿಸಿದ್ರು. ಕಲ್ಲೆಲ್ಲ ನಮ್ಮ ಕೈಲೇ ಎತ್ತಿಸಿ ಬೇಲಿ ಆಚೆ ಎಸೆಸಿದ್ರು. ಸಂಕ್ರಾಂತಿಗೆ ಇನ್ನೂ ದಿನ ಇತ್ತು. ಅಷ್ಟರಲ್ಲಿ ಕುಣಿಗಲ್ ಮೇಷ್ಟ್ರಿಗೆ ಆರ್ಡರ್ ಬಂತು. ಪಾವಗಡದ ಆಚೆ ಹಾಕಿದ್ರು ಅಂತ ಒಬ್ರು, ಕೆಲಸದಿಂದಾನೇ ತೆಗೆದ್ರು ಅಂತ ಇನ್ನೊಬ್ರು. ನಿಜ ಯಾವುದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಯಾಕಂದ್ರೆ ನಮ್ಮೂರಲ್ಲಿ ಒಬ್ಬನೂ ಕೇಳ್ಲಿಲ್ಲ. ನಕ್ಕಿದ್ರಲ್ಲ, ಅಷ್ಟೇ ಅವ್ರ ಕೆಲಸ. ಮಕ್ಕಳ ಟೀಸಿಗೆ ಸೈನ್ ಹಾಕೋನ ಹತ್ರ ಯಾಕೆ ನಿಷ್ಠುರ ಅಂತ. ನಮ್ಮಪ್ಪನೇ ಒಂದು ಗೊನೆ ಎಳನೀರು ಇಳಿಸಿ ದೊಡ್ಡ ಮೇಷ್ಟ್ರಿಗೆ ಕೊಟ್ಟು, 'ಹೆಂಗ್ಸಿನ ಮಾತು, ಹೊಟ್ಟೆಗಾಕ್ಕೊಳ್ಳಿ ಸ್ವಾಮಿ' ಅಂತ ಕೈ ಮುಗಿದು ಬಂದ. ಅವ್ವ ಆವತ್ತು ಅಪ್ಪಂಗೆ ಮುದ್ದೆ ಬಡಿಸ್ಲಿಲ್ಲ.

ಸೈಕಲ್ಲಿಗೆ ಟ್ರಂಕ್ ಕಟ್ಕೊಂಡು ಕುಣಿಗಲ್ ಮೇಷ್ಟ್ರು ಹೋಗ್ತಿದ್ದಾಗ ನಾನೂ ರಂಗನೂ ಕೆರೆ ಏರಿ ತನಕ ಓಡಿದ್ವಿ. ಸೈಕಲ್ ನಿಲ್ಲಿಸಿ ನಮ್ಮ ಕೈ ನೋಡಿದ್ರು. 'ಉರಿ ಕಮ್ಮಿ ಆಯ್ತೇನ್ರೋ?' ಅಂದ್ರು. ಆಮೇಲೆ, 'ಸಂಕ್ರಾಂತಿ ಆದ್ಮೇಲೆ ನೆರಳು ನೋಡೋದು ಬಿಡಬೇಡಿ' ಅಂದ್ರು. ಯಾವ ಗಳದ ನೆರಳು ನೋಡೋದು?

ಮೊನ್ನೆ ನನ್ನ ಮೊಮ್ಮಗಳಿಗೆ ಸ್ಕೂಲಲ್ಲಿ ಆಕ್ಟಿವಿಟಿ ಕಿಟ್ ಕೊಟ್ಟಿದ್ರು. ತುಮಕೂರಿನ ದೊಡ್ಡ ಸ್ಕೂಲು. ಬಣ್ಣದ ಡಬ್ಬ, ಒಳಗೆ ಪ್ಲಾಸ್ಟಿಕ್ ನೆರಳು ಗಡಿಯಾರ. ನಂಬರ್ ಎಲ್ಲ ಮೊದ್ಲೇ ಅಂಟಿಸಿಬಿಟ್ಟವ್ರೆ. ಮಗು ಡೈನಿಂಗ್ ಟೇಬಲ್ ಮೇಲೆ ಜೋಡಿಸ್ತು, ಅವಳಮ್ಮ ಫೋಟೋ ತೆಗೆದು ಮಿಸ್ಸಿಗೆ ಕಳಿಸಿದ್ಲು, ಸ್ಟಾರ್ ಬಂತು. ಬಿಸಿಲಿಗೆ ಇಡ್ಲೇ ಇಲ್ಲ. 'ಸಂಕ್ರಾಂತಿ ಆದ್ಮೇಲೆ ಇದು ಸುಳ್ಳು ಹೇಳುತ್ತಂತೆ ಕಣೇ' ಅಂದೆ. 'ಯಾಕಜ್ಜಿ?' ಅಂತು ಮಗು. ಸೂರ್ಯ ಆ ಕಡೆ, ಈ ಕಡೆ ಅಂತ ಪುಸ್ತಕದ ಮಾತು ಒಪ್ಪಿಸ್ದೆ. ನೋಡಿ ಹೇಳ್ಬೇಕಿತ್ತು ನಾನು. ನೋಡಕ್ಕೆ ಬಿಡ್ಲಿಲ್ಲ ಅವನು, ಗಳ ಮುರಿಸಿದೋನು. ಹೌದು, ಅವನು. ಇಲ್ಲೀವರೆಗೂ 'ಅವ್ರು' ಅಂದಿದ್ದೇ ಹೆಚ್ಚಾಯ್ತು. ನನ್ನಿಂದ ಕಿತ್ಕೊಂಡಿದ್ದು ಏನು ಅಂತ ಅವನಿಗೆ ಗೊತ್ತೂ ಇಲ್ಲ.

ವಯಸ್ಸಾಗಿದೆ, ಬಿಟ್ಟಾಕು ಅಂತೀರಾ? ವಯಸ್ಸು ನನಗೂ ಆಗಿದೆ.

ನಿನ್ನೆ ಗ್ರೂಪಲ್ಲಿ ಇನ್ನೊಂದು ಮೆಸೇಜು: 'ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ. ಗುರುಗಳು ಬರೋದು ಸ್ವಲ್ಪ ತಡ ಆಗಬಹುದು. ದಯವಿಟ್ಟು ಎಲ್ಲರೂ ಸಮಯಕ್ಕೆ ಸರಿಯಾಗಿ ಬಂದಿರಿ.'

ತಡೆಯಕ್ಕಾಗ್ಲಿಲ್ಲ. 'ಯಾವ ಕಲ್ಲಿಗೆ ಬರ್ತಾರೆ?' ಅಂತ ಹಾಕ್ದೆ.

ಕೈ ಮುಗಿಯೋ ಗೊಂಬೆಗಳೆಲ್ಲ ನಿಂತ್ಹೋದ್ವು. ಬಹಳ ಹೊತ್ತಾದ್ಮೇಲೆ, ಗ್ರೂಪಲ್ಲಿ ಯಾವತ್ತೂ ಬಾಯಿ ಬಿಡದ ರಂಗ, ಈಗ ಗುಬ್ಬೀಲಿ ಗೊಬ್ಬರದ ಅಂಗಡಿ ಇಟ್ಟವ್ನೆ, ಒಂದು ಮೆಸೇಜ್ ಹಾಕ್ದ.

'ಉಪ್ಪಿಟ್ ಕಲ್ಲಿಗೆ ಕಣಮ್ಮಿ. ಕಲ್ಲು ಕೈಯಾಗೇ ಮಡಿಕಂಡಿದೀನಿ.'