ನಾನು ತೊಳೆದ ಅಚ್ಚು

ಗುರುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಗಂಡ ಕಪ್ಪೆ ಹೊಯ್ಯುತ್ತಾರೆ. ರಬ್ಬರಿನಂತೆ ಮೆತ್ತಗಿರುವ ಪ್ಲಾಸ್ಟಿಕ್ ಕಪ್ಪೆ. ಗಾಳಕ್ಕೆ ಸಿಕ್ಕಿಸಿ ಕೆರೆಯ ನೀರಿನ ಮೇಲೆ ಕುಣಿಸಿದರೆ ಕೊರ್ರಮೀನು ಹಾರಿ ಬಂದು ಕಚ್ಚುತ್ತದೆ. ಹಾಲಿನಂಥ ದ್ರವವನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ, ಅದು ತಿಳಿಯಾದ ಮೇಲೆ ಹಸಿರು ಬಣ್ಣ ಬೆರೆಸಿ, ಪ್ಲಾಸ್ಟರಿನ ಅಚ್ಚಿಗೆ ಸುರಿಯುವುದು. ಆಗ ಅದು ಕಾದ ಎಣ್ಣೆಯಷ್ಟು ಬಿಸಿ.

ವೇಳಾಪಟ್ಟಿ ನನ್ನದು. ಆಸ್ಪತ್ರೆಯಲ್ಲಿ ಆಪರೇಷನ್ನಿನ ಸಲಕರಣೆ ಸ್ವಚ್ಛ ಮಾಡಿಸುವ ಕೆಲಸದಿಂದ ನಿವೃತ್ತಳಾದವಳು ನಾನು. ಬಳಸಿದ್ದು ತೊಳೆಯಬೇಕು, ತೊಳೆದದ್ದು ಜಾಗಕ್ಕೆ ಹೋಗಬೇಕು. ಗಂಡನಿಗೆ ಎಡಗಣ್ಣು ಕಾಣುವುದಿಲ್ಲ, ಬಲಗಣ್ಣೊಂದೇ ಆಧಾರ. ಅದಕ್ಕಾಗಿ ಮಿಯಾಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಯಮಗಳನ್ನು ಬರೆದು ಅಂಟಿಸಿದ್ದೆ. ಫ್ಯಾನ್ ಹಾಕಬೇಕು. ಬಾಗಿಲು ಮುಚ್ಚಬೇಕು. ಫೋನ್ ಹೊರಗಿನ ಕೋಣೆಯಲ್ಲಿರಬೇಕು. ಬೆಲ್ ಆದರೂ ಏಳಬಾರದು.

ಆ ಗುರುವಾರ ನಾನು ಬೇಗಂ ಬಜಾರಿನಲ್ಲಿದ್ದೆ, ಅವರಿಗೆ ಹೊಸ ಪಾತ್ರೆ ತರಲು. ಅಂಗಡಿಯವರು ಕನ್ನಡದವರು, ನಮ್ಮ ಕಡೆಯವರೇ. ಪಾತ್ರೆಯನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು.

“ಒಣಾ ಅರಿವೀಲೆ ಒರಸ್ರಿ,” ಎಂದೆ. “ಬಿಸಿ ಪ್ಲಾಸ್ಟಿಕ್ ಕಾಸೋದೈತಿ. ಹನಿ ನೀರಿದ್ರೂ ಮಾರಿಗೆ ಸಿಡಿತೈತಿ.”

“ಅಂಥಾ ಅಡಗಿ ಯಾರಿಗ್ರಿ ಅಕ್ಕಾರ? ಅತ್ತೀಗೇನು?”

ನಾನು ನಗಲಿಲ್ಲ. ಹಿಂದಿನ ಸಂಜೆ ಸಿಂಕಿನ ಮುಂದೆ ನಿಂತದ್ದು ನೆನಪಾಗಿತ್ತು. ಚಹಾದ ಕಪ್ಪು, ಸೋಸುವ ಜಾಲರಿ, ಅದರ ಹಿಂದೆ ಜಿಡ್ಡುಗಟ್ಟಿದ ಕಪ್ಪೆಯ ಅಚ್ಚು. ತೊಳೆದು, ಒರೆಸಿ, ಜಾಗದಲ್ಲಿಟ್ಟಿದ್ದೆ. ಪ್ಲಾಸ್ಟರ್ ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಒಂಬತ್ತೂ ಮುಕ್ಕಾಲು. ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಮ್ಮ ಕಟ್ಟಡದ ವಾಚ್‌ಮನ್‌ಗೆ ಫೋನ್ ಮಾಡಿ ಮನೆಗೆ ಕಳಿಸಿದೆ.

“ಬೆಲ್ ಕೊಟ್ಟಿನಮ್ಮಾ, ಸಾರ್ ತೀಸ್ತಲೇರು,” ಎಂದ. ಬೆಲ್ ಒತ್ತಿದರೂ ಬಾಗಿಲು ತೆಗೆಯುತ್ತಿಲ್ಲವಂತೆ. ನಿಯಮ ಮುರಿಯದ ಮನುಷ್ಯ ಅವರು, ನಾನೇ ಕಲಿಸಿದ್ದೆ.

ಆಟೋ ಹಿಡಿದು ನಾಂಪಲ್ಲಿಗೆ ಬಂದು ಮೆಟ್ರೋ ಹತ್ತಿದೆ. ಕೂರಲಾಗಲಿಲ್ಲ. ಅಮೀರ್‌ಪೇಟೆಯ ಹೊತ್ತಿಗೆ ಹತ್ತು ದಾಟಿತ್ತು. ಬಾಗಿಲು ತೆರೆದಾಗಲೆಲ್ಲ ಜನ ಇಳಿದರು, ಜನ ಹತ್ತಿದರು. ನನಗೆ ಕಂಡದ್ದು ಅಚ್ಚಿನ ಮೇಲೆ ಹತ್ತಿರಕ್ಕೆ ಬಾಗಿದ ಮುಖವೊಂದೇ. ಒಂದೇ ಕಣ್ಣಿನವರು ಹತ್ತಿರ ಬಾಗಿಯೇ ನೋಡಬೇಕು.

ಬೀಗ ತೆರೆದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬಚ್ಚಲಿನಲ್ಲಿ ನಲ್ಲಿ ಓಡುತ್ತಿತ್ತು. ಅವರು ಮುಖಕ್ಕೆ ನೀರು ಹಿಡಿದು ಬಾಗಿದ್ದರು. ಕೆನ್ನೆಯ ಮೇಲೆ ಎರಡು ಬೊಬ್ಬೆ. ಪಕ್ಕಕ್ಕಿಟ್ಟ ಕನ್ನಡಕದ ಬಲಗಾಜಿನ ತುಂಬ ಹಸಿರು ಮೆತ್ತಿತ್ತು.

“ಇಷ್ಟ ಲಗೂ ಬಂದಿ? ಶಾಖ ಜಾಸ್ತಿ ಆತು ನೋಡು. ನಂದ ತಪ್ಪ.”

“ಬೆರಳು ಎಷ್ಟು ಹೇಳ್ರಿ.”

“ಅಲ್ಲಾಡಿಸಬ್ಯಾಡ, ಹೇಳ್ತೀನಿ.”

ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡೆ. ಮೂರು ಎಂದರು, ಸರಿಯಾಗಿತ್ತು. ಆದರೂ ರೆಪ್ಪೆ ಕೆಂಪಾಗಿ ಊದುತ್ತಿತ್ತು.

ಕಣ್ಣಿನ ಡಾಕ್ಟರ್ ಬಳಿ ಒಂದು ತಾಸು ಕಾದೆವು. ಅಷ್ಟು ಹೊತ್ತಿನಲ್ಲಿ ನಿಜ ಹೇಳಲು ನನಗೆ ಎಷ್ಟೋ ಅವಕಾಶವಿತ್ತು, ಬಾಯಿ ಬರಲಿಲ್ಲ. ಡಾಕ್ಟರ್ ದೀಪ ಬಿಟ್ಟು ನೋಡಿ, ಗುಡ್ಡೆಗೆ ಏನೂ ಆಗಿಲ್ಲ, ರೆಪ್ಪೆಯಷ್ಟೇ ಸುಟ್ಟಿದೆ ಎಂದರು. ಆಮೇಲೆ ನನ್ನ ಗಂಡನನ್ನು ಬೈದರು: ಇರುವುದೊಂದು ಕಣ್ಣು, ಈ ವಯಸ್ಸಿಗೆ ಈ ಆಟ ಯಾಕೆ, ಇವತ್ತೇ ಬಿಡಿ. ಅವರು ಶಾಲೆಯ ಮಗುವಿನಂತೆ ತಲೆ ತಗ್ಗಿಸಿ, “ಬಿಡ್ತೀನ್ರಿ,” ಎಂದರು.

“ಅವರದು ತಪ್ಪಿಲ್ಲ,” ಎಂದೆ. “ಅಚ್ಚು ನಾ ತೊಳದಿದ್ದೆ.”

ಹೊರಗೆ ಬಂದು, ಔಷಧಿಯ ಚೀಟಿ ಮಡಚುತ್ತ ಗಂಡ ಹೇಳಿದರು, “ನನ್ನ ಲುಂಗಿ ತೊಳಿ ಅಂದ್ರ ವಾರಗಟ್ಟಲೆ ಮಷೀನ್ನ್ಯಾಗ ಇಡ್ತಿ. ಆ ಅಚ್ಚಿಗೆ ಭಾಳ ಅವಸರ ಆಗಿತ್ತೇನು?”

ಅಚ್ಚನ್ನು ಎಂಟು ದಿನ ಬಿಸಿಲಿಗಿಟ್ಟೆವು. ಮುಂದಿನ ಸಲ ನಾನೂ ಬಾಲ್ಕನಿಯಲ್ಲಿ ಅವರ ಪಕ್ಕದಲ್ಲೇ ನಿಂತೆ, ಇಬ್ಬರೂ ಸುತ್ತ ಮುಚ್ಚುವ ತಿಳಿಗಾಜಿನ ರಕ್ಷಣಾ ಕನ್ನಡಕ ಹಾಕಿಕೊಂಡು. ಹಸಿರು ಧಾರೆ ಇಳಿಯತೊಡಗಿತು. ಅಚ್ಚು ತುಂಬಿತೋ ಇಲ್ಲವೋ ನಾನು ನೋಡಲಿಲ್ಲ. ಅವರ ಬಲಗಣ್ಣನ್ನೇ ನೋಡುತ್ತಿದ್ದೆ.