ಕೊಸರಿನ ಲೆಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಕಮಲಾಪುರದ ಸಂತೆಯಲ್ಲಿ ಐದು ಬಾಳೆಹಣ್ಣು ಕೊಂಡವರಿಗೆ ಮೇಲೊಂದು ಹಣ್ಣು ಪುಕ್ಕಟೆ ಸಿಗುತ್ತಿತ್ತು. ಅದಕ್ಕೆ ಕೊಸರು ಎನ್ನುತ್ತಿದ್ದರು. ಅಪ್ಪ ತೋಟಗಳಿಂದ ಕೆಂಪು ಬಾಳೆ ತಂದು ಮಾರುತ್ತಿದ್ದ. ಅಪ್ಪ ಬುಟ್ಟಿಯಿಂದ ತೆಗೆದ ಕೊಸರಿನ ಹಣ್ಣನ್ನು ಗಿರಾಕಿಯ ಕೈಗಿಡುವುದು ನನ್ನ ಕೆಲಸ. ಹೀಗಾಗಿ ನನ್ನ ಪಾಲಿಗೆ ಐದು ಎಂದರೆ ಆರೇ!

ಆಗ ನಿಜಾಮರ ಆಳ್ವಿಕೆ. ದೊಡ್ಡ ಶಾಲೆ ಇದ್ದದ್ದು ಕಲಬುರಗಿಯಲ್ಲಿ, ಪಾಠವೆಲ್ಲ ಉರ್ದುವಿನಲ್ಲಿ. ಸೇರಬೇಕಾದರೆ ಮಾಸ್ತರರು ಕೇಳಿದ ಲೆಕ್ಕ ಬಿಡಿಸಬೇಕಿತ್ತು. ನನಗೋ ಓದುವ ಹುಚ್ಚು. ಅಪ್ಪನ ಜೊತೆ ದಿನವಿಡೀ ಎತ್ತಿನ ಗಾಡಿಯಲ್ಲಿ ಕುಲುಕಾಡಿ ಬಂದು, ಮರುದಿನ ಬೆಳಿಗ್ಗೆ ಅವರೆದುರು ನಿಂತೆ. ಕೋಣೆಯಲ್ಲೆಲ್ಲ ಒದ್ದೆ ಪಾಟಿಯ ವಾಸನೆ, ನನ್ನ ಅಂಗಿಯಲ್ಲಿ ಮಾಗಿದ ಬಾಳೆಯ ವಾಸನೆ.

“ವ್ಯಾಪಾರಿ ರೂಪಾಯಿಗೆ ನೂರು ಬಾಳೆಹಣ್ಣು ತಂದ. ಆಣೆಗೆ ಐದರಂತೆ ಮಾರಿದ. ನಫಾ ಎಷ್ಟು ಬೇಟಾ?”

ನಫಾ ಎಂದರೆ ಲಾಭ. ರೂಪಾಯಿಗೆ ಹದಿನಾರು ಆಣೆ. ನಾನು ಬೆರಳು ಮಡಚಿ ಎಣಿಸಿ, “ನಾಕು ಹಣ್ಣು ರೀ” ಎಂದೆ.

“ಹಣ್ಣಾ? ಗಲತ್! ಮುಂದಿನ ವರ್ಷ ಬಾ.”

ನನ್ನ ಕಣ್ಣು ತುಂಬಿ ಬಂದವು. ಬಾಗಿಲಲ್ಲಿದ್ದ ಅಪ್ಪ ರುಮಾಲು ಸರಿಪಡಿಸಿಕೊಂಡು ಒಳಗೆ ಬಂದ. “ತಪ್ಪಲ್ರಿ ಸಾಹೇಬ್ರ. ಒಂದಾಣೇಕ ಐದು, ಮ್ಯಾಲ ಕೊಸರು ಒಂದು. ಆರಾರು ಕೊಟ್ರ ಹದಿನಾರು ಆಣೆ ಬರ್ತದ, ನಾಕು ಹಣ್ಣು ಉಳೀತಾವ.”

“ಅಸಲಷ್ಟೇ ಬಂತಲ್ಲ. ನಿಮಗ ಉಳಿಯೋದೇನು?”

“ಗಿರಾಕಿ ಉಳೀತಾರ್ರಿ.”

ಮಾಸ್ತರರು ನನ್ನ ಕಡೆ ತಿರುಗಿದರು. ಆಮೇಲೆ ಮೆತ್ತಗೆ, “ಕಿತಾಬಿನ ವ್ಯಾಪಾರಿ ಕೊಸರು ಕೊಡಂಗಿಲ್ಲ ಬೇಟಾ. ಈಗ ಹೇಳು” ಎಂದರು.

“ನಾಕಾಣೆ ರೀ.”

ನನ್ನ ಹೆಸರು ಬರೆದುಕೊಂಡರು. ನಾನು ಕುಣಿಯುವುದೊಂದು ಬಾಕಿ. ಅಪ್ಪ ಮಾತ್ರ ಗಾಡಿಯಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದ. “ನಾಕಾಣೆ…” ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡ.

ಮುಂದಿನ ಸಂತೆಯಲ್ಲಿ ಒಬ್ಬ ಮುದುಕಿ ಐದು ಹಣ್ಣು ಕೊಂಡು ಸೆರಗೊಡ್ಡಿದಳು. ಅಪ್ಪನ ಕೈ ಬುಟ್ಟಿಯಲ್ಲಿ ಒಂದು ಗಳಿಗೆ ನಿಂತಿತು. ಹಿಂದೆಂದೂ ಹಾಗೆ ನಿಂತದ್ದಿಲ್ಲ. ಆಮೇಲೆ ಕೊಸರು ತೆಗೆದು ಕೊಟ್ಟ, ನಿಜ.

ಮಕ್ಕಳೇ, ಈಗ ಕಲಬುರಗಿಯ ಸೇಡಂ ರಸ್ತೆಯ ಅಂಗಡಿಯಲ್ಲಿ ಯಂತ್ರ ನಿಮಗೆ ಗ್ರಾಮು ತಪ್ಪದಂತೆ ಹಣ್ಣು ತೂಗಿಕೊಡುತ್ತದೆ. ಮೋಸವಿಲ್ಲ, ಒಳ್ಳೆಯದೇ. ನಿಮ್ಮ ಲೆಕ್ಕಗಳೂ ಮೊದಲ ಸಲಕ್ಕೇ ಸರಿಬರುತ್ತವೆ, ನೋಡಿ ನನಗೆ ಹೆಮ್ಮೆ. ಆದರೆ ನನ್ನ ಲೆಕ್ಕ ಸರಿಬಂದ ದಿನದಿಂದ ಅಪ್ಪ ಕೊಡುವ ಮುಂಚೆ ಯೋಚಿಸುವುದನ್ನು ಕಲಿತ. ಅದನ್ನು ಕಲಿಸಿದವನು ನಾನು ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.